ಗೋಡೆ ಹತ್ತಿದ ಅಮ್ಮನ ಸೀರೆ

ನಮ್ಮ ಮನೆಯಲ್ಲಿ ಈಗ ಕಾಗದಗಳೂ ಚಹಾ ಕುಡಿಯುತ್ತವೆ. ಇದು ನನಗೆ ಗೊತ್ತಾದದ್ದು ಸ್ವಲ್ಪ ತಡವಾಗಿ. ಒಂದು ಬೆಳಗ್ಗೆ ಅಡುಗೆಮನೆಗೆ ಹೋದರೆ ಒಲೆಯ ಪಕ್ಕದಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಕಡುಗೆಂಪು ಡಿಕಾಕ್ಷನ್ನು ಸಿದ್ಧವಾಗಿತ್ತು. ಬಸುರಿ ಮಗಳು ಅಮ್ಮನಿಗೆಂದು ಎದ್ದು ಚಹಾ ಕುದಿಸಿಟ್ಟು ಮತ್ತೆ ಮಲಗಿದ್ದಾಳೆ ಎಂದು ನನ್ನ ಎದೆ ತುಂಬಿ ಬಂತು. ಹಾಲು ಬೆರೆಸಿ, ಸಕ್ಕರೆ ತುಸು ಜಾಸ್ತಿಯೇ ಹಾಕಿ, ಕಿಟಕಿಯ ಪಕ್ಕ ಕೂತು ಅರ್ಧ ಲೋಟ ಕುಡಿದಿದ್ದೆ. ಆಗ ದೀಕ್ಷಾ ಕಣ್ಣುಜ್ಜುತ್ತ ಬಂದು, "ಅಮ್ಮಾ, ಇಲ್ಲಿ ನನ್ನ ಡೈ ಇತ್ತಲ್ಲ, ಎಲ್ಲಿ?" ಎಂದಳು. ಹಿಂದಿನ ದಿನ ಬಿಳಿ ಕಾಗದಗಳನ್ನು ಅದರಲ್ಲಿ ಅದ್ದಿ ಅದ್ದಿ ತೆಗೆದಿದ್ದಳಂತೆ. ಇನ್ನೂ ಕೆಲವನ್ನು ಅದ್ದುವುದು ಬಾಕಿ ಇತ್ತಂತೆ. ನಾನು ಸಕ್ಕರೆ ಹಾಕಿ ಕುಡಿದದ್ದು ಕಾಗದ ಮಿಂದ ನೀರು.

ಕಾಗದಕ್ಕೆ ಚಹಾದ ಸ್ನಾನ ಯಾಕೆ ಎಂದು ನೀವೂ ಕೇಳುತ್ತೀರಿ, ನಾನೂ ಕೇಳಿದೆ. ಹಳೆಯ ಕಾಗದದ ಹಾಗೆ ಕಾಣಬೇಕಂತೆ. ಒಣಗಿದ ಮೇಲೆ ಅಂಚನ್ನು ಬೆರಳಿಂದ ಹರಿದು, ಅಲ್ಲಲ್ಲಿ ಮುದುರಿಸಿ, ಅಜ್ಜನ ಕಾಲದ್ದು ಎಂದು ನಂಬಿಸಿ, ಹೊಲಿದು ಪುಸ್ತಕ ಮಾಡುವುದಂತೆ. ಆ ಪುಸ್ತಕದಲ್ಲಿ ಏನು ಬರೆಯುತ್ತೀ ಎಂದರೆ, ಬರೆಯಲಿಕ್ಕಲ್ಲ ಅಮ್ಮ, ವಿಂಟೇಜ್ ಲುಕ್ ಎಂದಳು. ನನಗೆ ಮೈಯೆಲ್ಲ ಉರಿಯಿತು. ತಿಂಗಳಿಗೊಮ್ಮೆ ಬಚ್ಚಲಲ್ಲಿ ಕೂತು, ಹಳೆ ಟವೆಲು ಹೆಗಲಿಗೆ ಹಾಕಿ, ಬಿಳಿಯಾದದ್ದನ್ನು ಕಪ್ಪು ಮಾಡಲು ನಾನು ಪಡುವ ಪಾಡು ಅವಳಿಗೆ ಕಾಣುವುದಿಲ್ಲವೇ? ಒಂದೇ ಮನೆಯಲ್ಲಿ ತಾಯಿ ಹಳತನ್ನು ಹೊಸತು ಮಾಡಲು ಒದ್ದಾಡುತ್ತಿದ್ದರೆ ಮಗಳು ಹೊಸತನ್ನು ಹಳತು ಮಾಡುತ್ತಾಳೆ. ಅಷ್ಟು ಹಳತು ಬೇಕಿದ್ದರೆ ನನ್ನನ್ನೇ ಒಂದು ಕಡೆ ಕೂರಿಸಿ ನೋಡಬಹುದಿತ್ತು.

ನಾವಿರುವುದು ಗಲ್ಫಿನ ಜುಬೈಲಿನಲ್ಲಿ. ನಮ್ಮವರು ರಾಸ್ ಅಲ್ ಖೈರಿನಲ್ಲಿ, ಸಮುದ್ರದ ನೀರಿನ ಉಪ್ಪು ತೆಗೆಯುವ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಾರೆ. ಬೆಳಕು ಹರಿಯುವ ಮೊದಲು ಕಂಪನಿ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ದೀಕ್ಷಾ ಮದುವೆಯಾಗಿ ಇದೇ ದೇಶದ ಖೋಬರಿನಲ್ಲಿದ್ದಾಳೆ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ತವರು ಎಂದರೆ ಮೂರನೇ ಮಹಡಿಯ ಫ್ಲ್ಯಾಟು, ಹಿತ್ತಿಲು ಎಂದರೆ ಏಸಿಯ ನೀರು ತೊಟ್ಟಿಕ್ಕುವ ಗೇಣಗಲದ ಬಾಲ್ಕನಿ. ಕೆಲಸಕ್ಕೆ ರಜೆ ಹಾಕಿದವಳು ಸುಮ್ಮನೆ ಕೂರಲಾಗದೆ ಈ ಕ್ರಾಫ್ಟಿಗೆ ಕೈ ಹಾಕಿದಳು. ಹೊಸತರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ ಎಂದು ನಾನೂ ಮೊದಮೊದಲು ಸುಮ್ಮನಿದ್ದೆ.

ಆದರೆ ಈ ಅಗಸ ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ವಾರದ ರಜೆಗೆ ಇಲ್ಲಿಗೆ ಬಂದ ಗಂಡನನ್ನು ಎಬ್ಬಿಸಿಕೊಂಡು ದಮ್ಮಾಮಿನ ಹರಾಜಿಗೆ ಹೋಗುವುದು. ಊರಿನಲ್ಲಿ ನಾವು ಹರಾಜು ಹರಾಜು ಎನ್ನುತ್ತೇವಲ್ಲ, ಆ ಪದ ನಮಗೆ ಬಂದದ್ದು ಅರಬ್ಬಿಯಿಂದ. ಇಲ್ಲಿ ಹಳೆ ಸಾಮಾನಿನ ಸಂತೆಗೆ ಹರಾಜ್ ಎಂದೇ ಹೆಸರು. ಕೆಲಸ ಮುಗಿಸಿ ವೀಸಾಕ್ಕೆ ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಹೋಗುವವರ ಮಂಚ, ಮಿಕ್ಸಿ, ಕುಕ್ಕರು, ಮಕ್ಕಳ ಸೈಕಲ್ಲು ಎಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಪದ ಇಲ್ಲಿಂದ ನಮ್ಮೂರಿಗೆ ಹೋಯಿತು, ನಮ್ಮೂರಿನವರ ಸಾಮಾನು ಇಲ್ಲಿ ಅದರ ಕೆಳಗೆ ಬಂದು ಕೂತಿತು. ಅಲ್ಲಿಂದ ದೀಕ್ಷಾ ಹೊತ್ತು ತಂದದ್ದನ್ನು ಕೇಳಿ: ಬೀಗವೇ ಇಲ್ಲದ ಬೀಗದಕೈಗಳ ಒಂದು ಗೊಂಚಲು, ಮೂತಿ ಮುರಿದ ಅರಬ್ಬಿ ಕಾಫಿ ಹೂಜಿ, ಯಾರದೋ ಕೋಟಿನಿಂದ ಕಿತ್ತ ಗುಂಡಿಗಳು, ಒಂದು ಮರದ ಮೈಯ ರೇಡಿಯೊ.

ರೇಡಿಯೊದ ಕಥೆ ಹೇಳಿದರೆ ನಿಮಗೂ ಸಿಟ್ಟು ಬರುತ್ತದೆ. ನಮ್ಮವರು ಸಂಜೆ ಬಂದು ಅದನ್ನು ಕಂಡವರೇ ಶರ್ಟು ಕೂಡ ಬದಲಿಸದೆ ವೈರು ಸಿಕ್ಕಿಸಿ ತಿರುಪು ತಿರುಗಿಸಿದರು. ಗರಗರ ಎಂದಿತು. ಇನ್ನಷ್ಟು ತಿರುಗಿಸಿದರೆ ಯಾರೋ ಅರಬ್ಬಿಯಲ್ಲಿ ಸುದ್ದಿ ಓದುವುದು ಕೇಳಿಸಿತು. ಜೀವ ಇದೆ ಮಾರಾಯ್ತಿ ಎಂದು ಅವರು ಮಗುವಿನ ಹಾಗೆ ನಕ್ಕರು. ಮರುದಿನ ಅವರು ಪ್ಲಾಂಟಿನಿಂದ ಬರುವಷ್ಟರಲ್ಲಿ ಮಗಳು ಆ ಜೀವವನ್ನು ಹೊಟ್ಟೆ ಬಗೆದು ತೆಗೆದು, ಒಳಗೆ ಬ್ಯಾಟರಿಯ ಮೋಂಬತ್ತಿ ಇಟ್ಟು, 'ರೆಟ್ರೋ ಲ್ಯಾಂಪ್' ಮಾಡಿಯಾಗಿತ್ತು. ಅವರು ಊಟ ಮಾಡುತ್ತ ಅದರ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು, ಇನ್ನೊಂದು ಸೌಟು ಸಾರು ಹಾಕು ಎಂದರು.

ಇವಳಿಗೆ ಈ ವಿದ್ಯೆಯಲ್ಲಿ ಗುರು ಸ್ಮಿತಾ ಎಂಬ ಗೆಳತಿ. ನಮ್ಮ ಕಡೆಯವಳೇ, ಹತ್ತಿರದ ಬಿಲ್ಡಿಂಗಿನಲ್ಲೇ ಇರುವುದು. ಒಳ್ಳೆಯ ಹುಡುಗಿ, ಬಾಯಿ ತುಂಬ ಆಂಟಿ ಆಂಟಿ ಎನ್ನುತ್ತಾಳೆ. ಒಂದು ದಿನ ನಾನು ನೆಲದಲ್ಲಿ ಕೂತು ತುರಿಮಣೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾಗ ಬಾಗಿಲಲ್ಲಿ ನಿಂತು ಫೋಟೋ ಹೊಡೆದಳು. ನನ್ನದು ಎಂದು ನಾನು ಸೆರಗು ಸರಿ ಮಾಡಿಕೊಂಡೆ. ಅವಳು ಹೊಡೆದದ್ದು ತುರಿಮಣೆಯದು. ಆಂಟಿ, ಇದು ಸೂಪರ್ ವಿಂಟೇಜ್, ಚಾಕ್ ಪೇಂಟ್ ಹೊಡೆದು ಗಿಡ ಇಡುವ ಸ್ಟ್ಯಾಂಡ್ ಮಾಡುವ, ಕೊಡ್ತೀರಾ ಎಂದು ಕೇಳಿದಳು. ನಾನು ಅದರ ಮೇಲೆ ಕೂತಿದ್ದೇನೆ, ಅದರ ಹಲ್ಲಿಗೆ ಒಡೆದ ಕಾಯಿಯ ಗಡಿ ಒತ್ತಿ ಹಿಡಿದಿದ್ದೇನೆ, ಮಧ್ಯಾಹ್ನಕ್ಕೆ ಮೀನಿನ ಗಸಿಗೆ ಅರೆಯಬೇಕು, ಅಂಥ ಹೊತ್ತಿನಲ್ಲಿ ಕೇಳುವ ಪ್ರಶ್ನೆಯೇ ಇದು? ನಾಳೆಯಿಂದ ಗಿಡವೇ ಕಾಯಿ ತುರಿದು ಕೊಡುವುದಾದರೆ ತೆಗೆದುಕೊಂಡು ಹೋಗು ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿದ್ದು ಎಂದುಕೊಂಡಳು ಕಾಣುತ್ತದೆ.

ನಾನೇನು ಹಳೆಯದನ್ನೆಲ್ಲ ಬಿಸಾಡುವವಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಅಡುಗೆಮನೆಯ ಕಪಾಟು ತೆರೆದರೆ ಹಾಲುಪುಡಿಯ ಡಬ್ಬಿಗಳು ಸಾಲಾಗಿ ನಿಂತಿವೆ. ಒಂದರಲ್ಲೂ ಹಾಲುಪುಡಿ ಇಲ್ಲ. ಫ್ರೀಜರಿನಲ್ಲಿ ಐಸ್‌ಕ್ರೀಮಿನ ಡಬ್ಬ ಕಂಡು ಆಸೆಪಟ್ಟು ಮುಚ್ಚಳ ತೆಗೆದ ಅಳಿಯನಿಗೆ ಮೊನ್ನೆಯ ಬಂಗುಡೆ ಸಾರು ಸಿಕ್ಕಿತ್ತು. ಬಿರಿಯಾನಿ ಪಾರ್ಸೆಲಿನ ಡಬ್ಬಿಗಳಂತೂ ಒಂದರೊಳಗೊಂದು ಕೂತು ಒಂದು ಕಂಬವೇ ಆಗಿದೆ. ಮದುವೆಯಾದ ಹೊಸತರಲ್ಲಿ ನಾವು ಜಿದ್ದಾದಲ್ಲಿದ್ದಾಗ ಶರಫಿಯಾದ ಅಂಗಡಿಯಲ್ಲಿ ಕೊಂಡ ಸೂಟ್‌ಕೇಸು, ಚಕ್ರ ಹೋಗಿ ಯಾವುದೋ ಕಾಲವಾದರೂ ಮಂಚದ ಕೆಳಗೆ ಹಾಗೇ ಇದೆ. ಇದನ್ನು ಹಳತಿನ ಹುಚ್ಚು ಎನ್ನಬೇಡಿ. ಇವೆಲ್ಲ ಉದ್ಯೋಗದಲ್ಲಿರುವ ವಸ್ತುಗಳು. ಆ ಸೂಟ್‌ಕೇಸಿನಲ್ಲಿ ಏನಿತ್ತು ಎನ್ನುವುದೇ ಈ ಇಡೀ ರಂಪದ ಮೂಲ.

ಅದರಲ್ಲಿ ನನ್ನ ಅಮ್ಮನ ಹಳೆ ಸೀರೆಗಳಿದ್ದವು. ಕೂಸು ಹುಟ್ಟಿದರೆ ಮೊದಲು ಹೊಸ ಬಟ್ಟೆ ಹಾಕುವ ಕ್ರಮ ನಮ್ಮಲ್ಲಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಒರಟು ಇರುತ್ತದೆ, ಆ ಎಳೆಯ ಚರ್ಮಕ್ಕೆ ತಾಗುತ್ತದೆ. ಉಟ್ಟು ಉಟ್ಟು, ಒಗೆದು ಒಗೆದು ಬೆಣ್ಣೆಯಾದ ಹತ್ತಿಯ ಸೀರೆಯನ್ನು ತುಂಡು ಮಾಡಿ ಅದರಲ್ಲೇ ಸುತ್ತುವುದು, ಅದನ್ನೇ ಹಾಸುವುದು, ಅದನ್ನೇ ಕಟ್ಟುವುದು. ಅದೂ ಅಜ್ಜಿಯ ಸೀರೆಯಾದರೆ ಇನ್ನೂ ಒಳ್ಳೆಯದು. ನಾನು ಹಾಗೆ ಬೆಳೆದವಳು, ದೀಕ್ಷಾ ಕೂಡ ಹಾಗೆಯೇ. ಅವಳನ್ನು ಹೆರಲು ನಾನು ಊರಿಗೆ ಹೋದಾಗ ಅಮ್ಮ ಬೆಳಗ್ಗೆ ಎದ್ದು ಇವಳ ಬಟ್ಟೆಗಳನ್ನು ಹಗ್ಗದ ಮೇಲೆ ಹರವುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ.

ಅಮ್ಮ ಕಾಪುವಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಮೊಮ್ಮಗಳು ಬಸುರಿ ಎಂದು ಗೊತ್ತಾದ ದಿನದಿಂದಲೇ ಅವಳು ಸೀರೆ ಆರಿಸಲು ಶುರು ಮಾಡಿದಳಂತೆ. ಮತ್ತೊಮ್ಮೆ ಒಗೆಸಿ, ಬಿಸಿಲಿಗೆ ಹಾಕಿಸಿ, ಗಂಟು ಕಟ್ಟಿ ಇಟ್ಟಳು. ಅದನ್ನು ತಂದುಕೊಟ್ಟದ್ದು ನಮ್ಮ ಪಕ್ಕದ ಫ್ಲ್ಯಾಟಿನ ಝೊಹರಾಳ ಗಂಡ ಹಮೀದ್ ಭಾಯ್. ರಜೆಗೆ ಹೋಗಿ ಬರುವವರ ಪೆಟ್ಟಿಗೆಯಲ್ಲಿ ಒಂದೊಂದು ಕಿಲೋ ಜಾಗಕ್ಕೂ ಎಂಥ ಬೇಡಿಕೆ ಎಂದು ಗಲ್ಫಿನಲ್ಲಿದ್ದವರಿಗೆ ಗೊತ್ತು. ಹಲಸಿನ ಹಪ್ಪಳಕ್ಕೆ, ಉಪ್ಪಿನಕಾಯಿಗೆ, ಕುಚ್ಚಲಕ್ಕಿಗೆ ಇಲ್ಲ ಎನ್ನುವ ಕಡೆ ಆ ಮನುಷ್ಯ ಹರಕು ಸೀರೆಯ ಗಂಟು ಹೊತ್ತು ತಂದರು. ದಮ್ಮಾಮಿನ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು ಗಂಟು ಬಿಚ್ಚಿ, ಒಂದು ಸೀರೆ ಎತ್ತಿ ಹಿಡಿದು, ಅದರ ತೂತಿನಿಂದ ಇವರನ್ನೇ ನೋಡಿ, ಇದೇನು ಎಂದು ಕೇಳಿದನಂತೆ. ಹುಟ್ಟುವ ಮಗುವಿಗೆ ಎಂದು ಇವರು ತಮ್ಮ ಅರಬ್ಬಿಯಲ್ಲಿ ಹೇಳಿದಾಗ ಅವನು ತಾನೇ ಮತ್ತೆ ಮಡಚಿ ಕೊಟ್ಟನಂತೆ. ನಮ್ಮಲ್ಲೂ ಹೀಗೇ ಅಲ್ವಾ ಅಕ್ಕ, ನನ್ನ ಮಕ್ಕಳಿಗೂ ಉಮ್ಮನ ಹಳೆ ಬಟ್ಟೆಯೇ ಎಂದಳು ಝೊಹರಾ. ನಾನು ಗಂಟನ್ನು ಸೂಟ್‌ಕೇಸಿನಲ್ಲಿಟ್ಟು, ನಾಲ್ಕು ಲವಂಗ ಹಾಕಿ, ಹೆರಿಗೆಗೆ ಒಂದು ವಾರ ಇರುವಾಗ ತೆಗೆದು ತುಂಡು ಮಾಡಿದರಾಯಿತು ಎಂದು ನೆಮ್ಮದಿಯಲ್ಲಿದ್ದೆ.

ನೆಮ್ಮದಿಯಲ್ಲಿರುವಾಗಲೇ ಮನುಷ್ಯರಿಗೆ ಪೆಟ್ಟು ಬೀಳುವುದು. ಒಂದು ಸಂಜೆ ತರಕಾರಿ ತಂದು ಬಾಗಿಲು ತೆರೆದರೆ ದೀಕ್ಷಾ ನನ್ನ ಕಣ್ಣು ಮುಚ್ಚಿ ಒಳಗಿನ ಕೋಣೆಗೆ ನಡೆಸಿಕೊಂಡು ಹೋದಳು. ಅದು ಕೂಸಿಗೆಂದು ಸಿದ್ಧ ಮಾಡುತ್ತಿದ್ದ ಕೋಣೆ. ಕೈ ತೆಗೆದಳು. ಗೋಡೆಯ ಈ ತುದಿಯಿಂದ ಆ ತುದಿಗೆ ಗೋಣಿದಾರ ಕಟ್ಟಿದೆ. ದಾರಕ್ಕೆ ಮರದ ಪುಟ್ಟ ಕ್ಲಿಪ್ಪುಗಳು. ಕ್ಲಿಪ್ಪುಗಳಲ್ಲಿ ಚೌಕ ಚೌಕ ತುಂಡುಗಳಾಗಿ ನನ್ನ ಅಮ್ಮ ನೇತಾಡುತ್ತಿದ್ದಾಳೆ. ಹಸಿರು ಚೌಕುಳಿ, ಕುಂಕುಮ ಬಣ್ಣದ ಅಂಚು, ನೀಲಿಯ ಮೇಲೆ ಬಿಳಿ ಗೆರೆ, ಯಾವುದನ್ನೂ ಗುರುತಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅಂಚಿಗೆಲ್ಲ ಹಲ್ಲುಹಲ್ಲಿನ ಕತ್ತರಿ ಹಾಕಿದ್ದಳು. ಅಷ್ಟು ಸಾಲದು ಎಂದು, ಒಂದು ಸೀರೆಯ ತುಂಡುಗಳು ತೀರ ಬಿಳಿಯಾಗಿವೆ, ಹಳತರ ಹಾಗೆ ಕಾಣುವುದಿಲ್ಲ ಎಂದು, ಚಹಾದಲ್ಲಿ ಅದ್ದಿದ್ದಳು. ಅಮ್ಮ ಉಟ್ಟು ಉಟ್ಟು ಬಿಳಿಚಿದ ಸೀರೆ ಇವಳಿಗೆ ಹಳತಾಗಿ ಕಾಣಲಿಲ್ಲ.

"ಇದೆಂತ ಮಾಡಿದ್ದು ನೀನು?" ಎಂದೆ.

"ಅಜ್ಜಿ ಸೀರೆ ಅಮ್ಮ. ಸೂಟ್‌ಕೇಸಲ್ಲಿ ಸುಮ್ಮನೆ ಇತ್ತು. ಬೇಬಿ ರೂಮಲ್ಲಿ ಅಜ್ಜಿದೊಂದು ಟಚ್ ಇರ್ಲಿ ಅಂತ."

"ಅಜ್ಜಿ ತಾಗಬೇಕಾದ್ದು ಗೋಡೆಗಲ್ಲ, ಕೂಸಿಗೆ."

ಅಲ್ಲಿಂದ ಶುರುವಾಯಿತು. ಹರಿದದ್ದನ್ನು ಬೇಬಿಗೆ ಸುತ್ತುವುದಾ ಎಂದು ಅವಳು. ನಿನ್ನನ್ನು ಮತ್ತೆ ಎಂತದರಲ್ಲಿ ಸುತ್ತಿದ್ದು ಅಂದುಕೊಂಡಿದ್ದೀ ಎಂದು ನಾನು. ಅವಳು ಆನೆ, ಜಿರಾಫೆಗಳ ಚಿತ್ರವಿರುವ ಹೊಸ ಬಟ್ಟೆಗಳ ಪ್ಯಾಕೆಟ್ಟುಗಳನ್ನು ಆನ್‌ಲೈನಿನಲ್ಲಿ ತರಿಸಿದ್ದಾಳಂತೆ, ಅದರ ಮೇಲೆ ಶುದ್ಧ ಹತ್ತಿ ಎಂದು ಬರೆದಿದೆಯಂತೆ. ಅಮ್ಮನ ಸೀರೆಯ ಮೇಲೆ ಯಾರೂ ಏನೂ ಬರೆದಿರಲಿಲ್ಲ, ನಿಜ. ನಮ್ಮವರು ಬಸ್ಸಿಳಿದು ಬಂದವರು ಕೋಣೆಯ ಬಾಗಿಲಿಗೆ ಬಂದು, ಇಬ್ಬರ ಮುಖವನ್ನೂ ನೋಡಿ, ಮೊಸರು ಮುಗಿದಿದೆ ಅಲ್ವಾ ಎಂದು ತಾವೇ ಹೇಳಿಕೊಂಡು ಕೆಳಗಿನ ಬಕಾಲಾ ಅಂಗಡಿಗೆ ಹೋದರು. ಮೊಸರು ಮುಗಿದಿರಲಿಲ್ಲ. ಮೂರು ಡಬ್ಬಿ ಮೊಸರು ಹಿಡಿದುಕೊಂಡು ವಾಪಸು ಬಂದಾಗಲೂ ನಾವು ಅಲ್ಲೇ ಇದ್ದೆವು.

ಕೊನೆಗೆ ದೀಕ್ಷಾ ಮಂಚದಲ್ಲಿ ಕೂತು ಒಂದು ಮಾತು ಹೇಳಿದಳು. "ನಿಂಗೆ ಊರಲ್ಲಿ ಎಲ್ಲ ಹಳತು ಉಂಟು ಅಮ್ಮ. ನಂಗೆ ಇಲ್ಲಿ ಎಂತ ಉಂಟು ಹೇಳು. ನಾನು ಆಡಿದ ಒಂದು ಗೊಂಬೆ ಕೂಡ ಇಲ್ಲ."

ಅದು ಸುಳ್ಳಲ್ಲ. ಜಿದ್ದಾದಿಂದ ಹಫ್ರ್ ಅಲ್ ಬಾತಿನ್‌ಗೆ, ಅಲ್ಲಿಂದ ಜುಬೈಲಿಗೆ, ಕಂಪನಿ ಬದಲಾದಾಗಲೆಲ್ಲ ಮನೆ ಬದಲಾಗಿದೆ. ಪ್ರತಿ ಸಲವೂ ಇವಳ ಸಾಮಾನು ಯಾರಿಗೋ ಕೊಟ್ಟು ಬಂದವಳು ನಾನೇ. ಇಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಣ ಆಗುವ ತನಕ ನಮ್ಮ ಮನೆ, ಆಗದಿದ್ದರೆ ಹರಾಜು. ಒಂದು ಮೇಜು ಹಳತಾಗುವಷ್ಟು ಕಾಲ ಯಾರೂ ಅದನ್ನು ಇಟ್ಟುಕೊಳ್ಳುವುದಿಲ್ಲ. ಹಾಗೆ ಬೆಳೆದ ಮಕ್ಕಳು ಇನ್ನೊಬ್ಬರ ಬೀಗದಕೈ, ಇನ್ನೊಬ್ಬರ ಗುಂಡಿ, ಇನ್ನೊಬ್ಬರ ರೇಡಿಯೊ ತಂದು ಜೋಡಿಸಿಕೊಂಡರೆ ಏನು ಹೇಳುವುದು? ಪಾಪ ಎನಿಸಿತು, ನಿಜವಾಗಿಯೂ ಎನಿಸಿತು. ಆದರೆ ಪಾಪ ಎನಿಸಿದ ಮಾತ್ರಕ್ಕೆ ಸಿಟ್ಟು ಹೋಗಬೇಕೆಂಬ ನಿಯಮ ಎಲ್ಲಿದೆ? ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಸದ್ದು ಝೊಹರಾಳ ಮನೆಗೂ ಕೇಳಿಸಿತಂತೆ.

ನನ್ನ ತಕರಾರು ಕತ್ತರಿ ಹಾಕಿದ್ದಕ್ಕಲ್ಲ. ಕತ್ತರಿ ನಾನೂ ಹಾಕುವವಳೇ. ನಮ್ಮಲ್ಲಿ ಒಂದು ಹತ್ತಿಯ ಸೀರೆ ಮೊದಲು ನೆಂಟರ ಮನೆಗೆ ಹೋಗುತ್ತದೆ. ಬಣ್ಣ ಇಳಿದ ಮೇಲೆ ಪೇಟೆಗೆ, ಆಮೇಲೆ ಮನೆಯೊಳಗೆ. ಅಂಚು ಹರಿದ ಮೇಲೆ ಮಡಚಿ ಹೊದಿಕೆ, ಆಮೇಲೆ ತೊಟ್ಟಿಲು, ಕೂಸಿನ ಸೊಂಟ. ಕೂಸು ನಡೆಯಲು ಕಲಿತ ಮೇಲೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ, ಕೊನೆಗೆ ನೆಲ ಒರೆಸುವ ಬಟ್ಟೆ. ಒಂದು ಹಂತದಲ್ಲೂ ಅದನ್ನು ಯಾರೂ ವಿಂಟೇಜ್ ಎಂದು ಕರೆದು ಸನ್ಮಾನಿಸಲಿಲ್ಲ, ಅದೂ ಕೇಳಲಿಲ್ಲ. ಹಳೆ ಹುಣಸೆಹಣ್ಣನ್ನು ನಾವು ಜಾಡಿಯಲ್ಲಿ ಜೋಪಾನವಾಗಿ ಇಡುವುದು ಸಾರಿಗೆ ಹಾಕಲು, ಬಾಣಂತಿಗೆ ಹಳೆ ಅಕ್ಕಿಯ ಗಂಜಿ ಮಾಡುವುದು ಅವಳ ಹೊಟ್ಟೆಗೆ ಒಳ್ಳೆಯದೆಂದು. ಹಳತಕ್ಕೆ ನಮ್ಮಲ್ಲಿ ಮರ್ಯಾದೆ ಇಲ್ಲವೆಂದಲ್ಲ, ಅದರ ಮರ್ಯಾದೆ ಅದರ ಕೆಲಸದಲ್ಲಿದೆ. ಈ ಕ್ರಾಫ್ಟಿನವರು ಮಾಡುವುದೇನು? ಕೆಲಸ ಮಾಡುತ್ತಿದ್ದ ರೇಡಿಯೊವನ್ನು ಮೂಕ ಮಾಡಿ, ಕೆಲಸ ಮಾಡಲಿದ್ದ ಸೀರೆಯನ್ನು ಗೋಡೆಗೆ ಕಟ್ಟಿ, ಅದರ ಎದುರು ನಿಂತು ಹಿಂದಿನ ಕಾಲ ಎಷ್ಟು ಚಂದ ಎಂದು ನಿಟ್ಟುಸಿರು ಬಿಡುವುದು. ಹೊಸ ಮೇಜಿಗೆ ಸ್ಯಾಂಡ್‌ಪೇಪರ್ ಉಜ್ಜಿ ವಯಸ್ಸು ಬರಿಸುವ ಈ ಜನ, ನಿಜವಾದ ವಯಸ್ಸು ಬಂದ ವಸ್ತು ಕಂಡರೆ ಅದಕ್ಕೆ ಬಣ್ಣ ಹೊಡೆಯುತ್ತಾರೆ. ನನಗೆ ಅರ್ಥವಾಗುವುದಿಲ್ಲ, ಅರ್ಥ ಮಾಡಿಕೊಳ್ಳುವ ಮನಸ್ಸೂ ಇಲ್ಲ.

ಮುಂದಿನ ವಾರ ಅಮ್ಮನ ವಿಡಿಯೊ ಕಾಲ್ ಬಂತು. ನಾನೇ ಫೋನನ್ನು ಗೋಡೆಯ ಕಡೆ ತಿರುಗಿಸಿದೆ, ಸುಳ್ಳು ಯಾಕೆ ಹೇಳಲಿ. ಮೊಮ್ಮಗಳಿಗೆ ಅಜ್ಜಿಯ ಬಾಯಿಯಿಂದಲೇ ಮಂಗಳಾರತಿ ಆಗಲಿ ಎಂದು. ಅಮ್ಮ ಕನ್ನಡಕ ಏರಿಸಿ ನೋಡಿದಳು, ಫೋನನ್ನು ಹತ್ತಿರ ತಂದು ನೋಡಿದಳು. ಅವಳು ಮಾತಾಡಿದ್ದು ತುಳುವಿನಲ್ಲಿ, ಕನ್ನಡಕ್ಕೆ ತಂದರೆ ಖಾರ ಅರ್ಧ ಕಮ್ಮಿ. "ಒಣಗ್ಲಿಕ್ಕೆ ಹಾಕಿದ್ದಾ? ಕೂಸು ಹುಟ್ಟುವ ಮೊದಲೇ ಒದ್ದೆ ಆಯ್ತಾ?"

ಕಾಪುವಿನ ಮನೆಯಲ್ಲಿ ಎಲ್ಲರೂ ನಕ್ಕದ್ದು ಜುಬೈಲಿನ ತನಕ ಕೇಳಿಸಿತು. ದೀಕ್ಷಾ ಮಾತ್ರ ನಗಲಿಲ್ಲ. ಅದು ಡೆಕೋರೇಶನ್ ಅಜ್ಜಿ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಹೌದಾ, ಚಂದ ಉಂಟು ಎಂದಳು ಅಮ್ಮ, ಮತ್ತೆ ತಡೆಯಲಾಗದೆ, ಆದರೆ ಕೋಣೆಯ ಒಳಗೆ ಯಾಕೆ, ಅಲ್ಲಿ ಮಳೆಯಾ ಎಂದು ಕೇಳಿದಳು. ಜುಬೈಲಿನಲ್ಲಿ ಮಳೆ. ನಾನು ಫೋನನ್ನು ನನ್ನ ಕಡೆ ತಿರುಗಿಸಿಕೊಂಡೆ. ಗೆದ್ದೆ ಎಂದುಕೊಂಡಿದ್ದೆ, ಮಗಳ ಮುಖ ನೋಡಿದಾಗ ಗೆದ್ದದ್ದು ಅಷ್ಟೇನೂ ಸಿಹಿಯಾಗಿರಲಿಲ್ಲ.

ಹೀಗೆ ಸಿಟ್ಟಿನಲ್ಲೇ ದಿನ ಕಳೆಯಿತು. ಆದರೆ ಮನುಷ್ಯರ ಬುದ್ಧಿಯ ಬಗ್ಗೆ ಒಂದು ಗುಟ್ಟು ಹೇಳುತ್ತೇನೆ, ಯಾರಿಗೂ ಹೇಳಬೇಡಿ. ದಿನಾ ಬೆಳಗ್ಗೆ ಆ ಕೋಣೆಯ ಧೂಳು ಒರೆಸುವವಳು ನಾನೇ. ಒರೆಸುತ್ತ ಒರೆಸುತ್ತ ನೋಡುತ್ತೇನೆ. ಹಸಿರು ಚೌಕುಳಿ, ನಾನು ಮೊದಲ ಸಲ ಈ ದೇಶಕ್ಕೆ ವಿಮಾನ ಹತ್ತುವ ದಿನ ಅಮ್ಮ ಉಟ್ಟಿದ್ದದ್ದು. ನೀಲಿಯದು, ತಮ್ಮನ ಮದುವೆಯ ಮರುದಿನ ಪಾತ್ರೆಗಳ ರಾಶಿಯ ನಡುವೆ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು. ಒಂದು ದಿನ ಓರೆಯಾಗಿದ್ದ ಒಂದು ಕ್ಲಿಪ್ಪನ್ನು ಸರಿ ಮಾಡಿದೆ, ಓರೆ ಇದ್ದದ್ದು ಕಣ್ಣಿಗೆ ಚುಚ್ಚುತ್ತಿತ್ತು ಎಂದಷ್ಟೇ. ಇನ್ನೊಂದು ದಿನ ಝೊಹರಾ ಬಂದಾಗ ಅವಳನ್ನು ಕರೆದುಕೊಂಡು ಹೋಗಿ ಒಂದೊಂದೇ ತುಂಡಿನ ಚರಿತ್ರೆ ಹೇಳಿದೆ. ಆಮೇಲೆ ಬಂದ ಇಬ್ಬರು ಮೂವರಿಗೂ ಹೇಳಿದೆ. ದೀಕ್ಷಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ನಾನು ಸಿಟ್ಟಿನಲ್ಲಿದ್ದೇನೆ ಎಂದು ಮುಖ ಗಂಟಿಕ್ಕಿಕೊಳ್ಳಲು ನೆನಪಾಗುವಷ್ಟರಲ್ಲಿ ಅವಳು ನಗುತ್ತಿದ್ದಳು.

ಹೆಣ್ಣು ಕೂಸು ಹುಟ್ಟಿತು, ಎಲ್ಲ ಸುಸೂತ್ರ. ಆನೆ ಜಿರಾಫೆಗಳ ರಾಜ್ಯಭಾರ ಶುರುವಾಯಿತು. ನಾನು ಬಾಯಿಗೆ ಬೀಗ ಹಾಕಿಕೊಂಡು ಜೀರಿಗೆ ಕಾಳುಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆ ಎಂದು ಅಡುಗೆಮನೆಯಲ್ಲೇ ಇದ್ದೆ. ಕೆಲವೇ ದಿನಗಳಲ್ಲಿ ಕೂಸಿನ ತೊಡೆಸಂದಿಯಲ್ಲಿ ಕೆಂಪು ಕೆಂಪಾಗಿ ದದ್ದು ಎದ್ದಿತು. ಒದ್ದೆಯಾದರೆ ಅಳು, ಒರೆಸಿದರೆ ಅಳು, ಕಟ್ಟಿದರೆ ಅಳು. ದೀಕ್ಷಾ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ನೋಡಿದಳು, ಬೇರೆ ಪ್ಯಾಕೆಟ್ಟು ತರಿಸಿ ನೋಡಿದಳು, ಅದರ ಮೇಲೆ ಆನೆಯ ಬದಲು ಮೊಲ ಇತ್ತು. ಡಾಕ್ಟರಮ್ಮ ಮುಲಾಮು ಬರೆದುಕೊಟ್ಟು, ಡಯಾಪರ್ ಕಮ್ಮಿ ಮಾಡಿ, ಮೆತ್ತಗಿನ ಹತ್ತಿ ಬಟ್ಟೆ ಹಾಕಿ, ಗಾಳಿಯಾಡಲಿ ಎಂದರಂತೆ. ದೀಕ್ಷಾ ಅದನ್ನು ಬಂದು ನನಗೆ ಹೇಳಿದಳು. ಹೇಳಿ ನನ್ನ ಮುಖ ನೋಡಿದಳು. ಹಳೇ ಗಂಡನ ಪಾದವೇ ಗತಿ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಣಂತಿಯ ಎದುರು ಆಡುವ ಮಾತಲ್ಲ ಎಂದು ನುಂಗಿದೆ. ಅದನ್ನು ನುಂಗಲು ಎಷ್ಟು ಕಷ್ಟವಾಯಿತೆಂದು ನನಗೊಬ್ಬಳಿಗೇ ಗೊತ್ತು.

ಮರುದಿನ ಬೆಳಗ್ಗೆ ನಾನು ಒಲೆಯ ಮುಂದೆ ಇದ್ದಾಗ ಒಳಕೋಣೆಯಿಂದ ಟಕ್, ಟಕ್ ಎಂದು ಸದ್ದು. ಹೋಗಿ ನೋಡಿದರೆ ದೀಕ್ಷಾ ಒಂದು ಕೈಯಲ್ಲಿ ಕೂಸನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ದಾರದಿಂದ ಕ್ಲಿಪ್ಪು ತೆಗೆಯುತ್ತಿದ್ದಾಳೆ. ಹಸಿರು ಚೌಕುಳಿ ಆಗಲೇ ಅವಳ ಹೆಗಲ ಮೇಲಿತ್ತು.

"ಅಯ್ಯೋ, ಅಷ್ಟು ಚಂದ ಇದ್ದದ್ದನ್ನು ಯಾಕೆ ತೆಗೀತಿದ್ದೀ?" ಎಂದು ಕೂಗಿದವಳು ನಾನು. ಬೇರೆ ಯಾರೂ ಅಲ್ಲ, ನಾನೇ.

ದೀಕ್ಷಾ ತಿರುಗಿ ನೋಡಿದಳು. "ಕೂಸು ಒದ್ದೆ ಮಾಡಿದೆ ಅಮ್ಮ," ಎಂದಳು.

ಅಷ್ಟು ದಿನ ಅವಳ ಬಾಯಲ್ಲಿ ಬೇಬಿ ಆಗಿದ್ದದ್ದು ಅಂದು ಕೂಸಾಯಿತು. ನಾನು ಹೋಗಿ ಕೂಸನ್ನು ಇಸಿದುಕೊಂಡೆ. ಹಲ್ಲುಹಲ್ಲಿನ ಅಂಚು ಚುಚ್ಚದ ಹಾಗೆ ಒಳಗೆ ಮಡಚಿ ಹೇಗೆ ಕಟ್ಟುವುದು ಎಂದು ತೋರಿಸಿದೆ. ಪವಾಡವೇನೂ ಆಗಲಿಲ್ಲ. ಕೂಸು ಇನ್ನಷ್ಟು ಹೊತ್ತು ಅತ್ತಿತು, ಮತ್ತೆ ಮಲಗಿತು, ಮಲಗಿದಲ್ಲೇ ಹಸಿರು ಚೌಕುಳಿಯನ್ನು ಒದ್ದೆ ಮಾಡಿತು. ದದ್ದು ಮಾಯಲು ಅದಕ್ಕೆ ಬೇಕಾದಷ್ಟು ದಿನ ಹಿಡಿಯಿತು. ಅಮ್ಮ ವಿಡಿಯೊದಲ್ಲಿ ಕೂಸನ್ನು ನೋಡುವ ಮೊದಲು ಬಟ್ಟೆಯನ್ನು ನೋಡಿದಳು, ನನ್ನ ಹಸಿರು ಸೀರೆ ಎಂದಳು, ಕಣ್ಣು ಒರೆಸಿಕೊಂಡಳು.

ಈಗ ಒಗೆದ ಬಟ್ಟೆ ಒಣಗಿಸುವ ಸಮಸ್ಯೆ. ಬಾಲ್ಕನಿಗೆ ಹಾಕಿದರೆ ಮರಳಿನ ಧೂಳು. ಕೊನೆಗೆ ನಾವಿಬ್ಬರೂ ಅದೇ ಗೋಣಿದಾರಕ್ಕೆ, ಅದೇ ಮರದ ಕ್ಲಿಪ್ಪುಗಳಲ್ಲಿ, ಫ್ಯಾನಿನ ಕೆಳಗೆ ಹಾಕತೊಡಗಿದೆವು. ಗೋಡೆ ಮೊದಲಿನ ಹಾಗೆಯೇ ತುಂಬಿತು. ಒಂದು ಬೆಳಗ್ಗೆ ಹಸಿರು ಮುಂದೆ, ಇನ್ನೊಂದು ಬೆಳಗ್ಗೆ ನೀಲಿ ಮುಂದೆ. ರೇಡಿಯೊದ ದೀಪವನ್ನು ನಮ್ಮವರು ಅದರ ಹತ್ತಿರವೇ ತಂದಿಟ್ಟಿದ್ದಾರೆ, ಬಟ್ಟೆ ಬದಲಿಸುವಾಗ ಬೆಳಕು ಬೇಕಲ್ಲ ಎಂದು. ಅವರಿಗೆ ಇನ್ನೂ ಅದರ ತಿರುಪು ತಿರುಗಿಸುವ ಅಭ್ಯಾಸ ಹೋಗಿಲ್ಲ.

ಮೊನ್ನೆ ಸ್ಮಿತಾ ಕೂಸನ್ನು ನೋಡಲು ಬಂದಳು. ಉಡುಗೊರೆಯಾಗಿ ಹಳೆ ಕಾಲದ್ದರ ಹಾಗೆ ಕಾಣುವ ಹೊಸದೊಂದು ಗಡಿಯಾರ ತಂದಿದ್ದಳು. ಕೋಣೆಗೆ ಕಾಲಿಟ್ಟವಳೇ ಗೋಡೆ ನೋಡಿ ನಿಂತುಬಿಟ್ಟಳು. ಇದು ಮೊದಲಿಗಿಂತ ಚಂದ ಆಗಿದೆ, ಈಗ ನಿಜವಾಗಿ ಹಳತರ ಹಾಗೆ ಕಾಣುತ್ತಿದೆ, ಹೇಗೆ ಮಾಡಿದ್ದು ಎಂದು ಫೋನು ತೆಗೆದಳು. ಹತ್ತಿರ ಹೋಗಿ ಹಸಿರು ಚೌಕುಳಿಯ ಒಂದು ಮೂಲೆಯಲ್ಲಿದ್ದ ಹಳದಿ ಛಾಯೆಗೆ ಬೆರಳು ತೋರಿಸಿದಳು.

"ಆಂಟಿ, ಈ ಶೇಡ್ ಸೂಪರ್. ಯಾವ ಟೀ ಪುಡಿ?"

"ಅದು ಅಂಗಡಿಯಲ್ಲಿ ಸಿಗುದಿಲ್ಲ ಮಾರಾಯ್ತಿ," ಎಂದೆ. "ಮನೆಯಲ್ಲೇ ಆದದ್ದು."

ಸ್ಮಿತಾ ತಲೆದೂಗಿ, ಬೆಳಕು ಸರಿಯಾಗಿ ಬೀಳುವ ಜಾಗ ಹುಡುಕಿ, ಮೊಣಕಾಲೂರಿ ಫೋಟೋ ಹೊಡೆಯಲು ಅಣಿಯಾದಳು. ಅಷ್ಟರಲ್ಲಿ ತೊಟ್ಟಿಲಿನಲ್ಲಿ ಕೂಸು ರಾಗ ತೆಗೆಯಿತು. ದೀಕ್ಷಾ ಎದ್ದು ಬಂದು, "ಒಂದು ನಿಮಿಷ ಸ್ಮಿತಾ, ಅದು ಬೇಕು," ಎಂದು ಅವಳ ತಲೆಯ ಮೇಲಿನಿಂದ ಕೈ ಚಾಚಿ ಹಸಿರು ಚೌಕುಳಿಯನ್ನು ಎಳೆದುಕೊಂಡು ಹೋದಳು. ಫೋಟೋದಲ್ಲಿ ಬಂದದ್ದು ಒಂದು ಖಾಲಿ ಕ್ಲಿಪ್ಪು ಮತ್ತು ನನ್ನ ಮಗಳ ಕೈ ಮಾತ್ರ.